ಸುಲಿಯುವ ಕೈಗೊಂದು ಪಾಡ್‌ಕಾಸ್ಟ್

ಮಾತಾಡುವುದಕ್ಕೂ ಒಂದು ಉದ್ದೇಶ ಬೇಕೆಂದು ಈ ವಯಸ್ಸಿನ ತನಕ ನನಗೆ ಯಾರೂ ಹೇಳಿರಲಿಲ್ಲ. ಬಾಯಿದೆ, ಎದುರಿಗೆ ಯಾರೋ ಕೂತಿದ್ದಾರೆ, ಅಷ್ಟು ಸಾಕಿತ್ತು. ಯಾರೂ ಇಲ್ಲದಿದ್ದರೆ ಎಮ್ಮೆ ಇತ್ತು. ಇದನ್ನೆಲ್ಲ ಯಾಕೆ ಹೇಳ್ತಿದ್ದೀಯ ಎಂದು ಎಮ್ಮೆ ಒಂದು ದಿನವೂ ಕೇಳಿದ್ದಿಲ್ಲ. ಕೇಳಿದವಳು ನನ್ನ ಮೊಮ್ಮಗಳು ಲಾವಣ್ಯ.

ಮಿಡಿಗೇಶಿಯಿಂದ ಮಧುಗಿರಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗಿ. ಒಂದು ಸಂಜೆ ಬಂದವಳೇ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದು, "ಅಜ್ಜೀ, ಪಾಡ್‌ಕಾಸ್ಟ್ ಮಾಡ್ತೀನಿ, ನೀನೇ ಮಾತಾಡ್ಬೇಕು" ಎಂದಳು. ಅದು ರೇಡಿಯೋ ಇದ್ದ ಹಾಗೆಯೇ, ಆದರೆ ಬೇಕೆಂದವರು ಬೇಕೆಂದಾಗ ಹಾಕಿಕೊಂಡು ಕೇಳಬಹುದಂತೆ. ನನಗಾದ ಸಂತೋಷವನ್ನು ಏನೆಂದು ಹೇಳಲಿ! ನಮ್ಮ ಯಜಮಾನರು ಇದ್ದಷ್ಟು ಕಾಲವೂ ನನ್ನ ಮಾತು ಯಾವಾಗ ನಿಲ್ಲುತ್ತದೋ ಎಂದು ಕಾದವರು. ಬೇಕೆಂದು ಹಾಕಿಕೊಂಡು ಕೇಳುವವರೂ ಲೋಕದಲ್ಲಿ ಇರಬಹುದೆಂಬುದೇ ನನಗೆ ಹೊಸ ಸುದ್ದಿ. ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ಉಟ್ಟು ಕೂತೆ. "ಅಜ್ಜೀ, ಸೀರೆ ಕೇಳ್ಸಲ್ಲ ಕಣೇ" ಎಂದಳು. ಇರಲಿ, ಮಾತಿಗೆ ಕಳೆ ಬರುತ್ತದೆ ಎಂದೆ.

ಮಾತಿಗೆ ಕಳೆ ಬಂತು, ಮರುದಿನ ಕಾಲೇಜಿಗೆ ಹೋಗಿಬಂದ ಹುಡುಗಿಯ ಮುಖದ ಕಳೆ ಹೋಗಿತ್ತು. ಈ ಪಾಡ್‌ಕಾಸ್ಟ್ ಯಾರಿಗಾಗಿ, ಯಾತಕ್ಕಾಗಿ ಎಂದು ಒಂದೇ ಮಾತಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಕಾಲೇಜಿನ ಕಾರ್ಯಕ್ರಮದಲ್ಲಿ ಕೇಳಿಸುವುದಿಲ್ಲ ಎಂದರಂತೆ ಅವಳ ಮೇಡಂ. "ಜನಕ್ಕೆ ಒಳ್ಳೇದಾಗ್ಲಿ ಅಂತ ಬರ್ಕೊ" ಎಂದೆ. "ಅಂಗೆಲ್ಲ ಬರುದ್ರೆ ಒಪ್ಪಲ್ಲ ಅಜ್ಜಿ. ಕೇಳ್ದೋರಿಗೆ ಏನಾಗ್ಬೇಕು, ಅದು ಹೇಳು." ಮಾತಾಡಿದರೆ ನನಗೆ ಹಗುರಾಗುತ್ತಿತ್ತು. ಕೇಳಿದವರಿಗೆ ಏನಾಗುತ್ತಿತ್ತು ಎಂದು ನಿಂತು ನೋಡಿದವಳಲ್ಲ ನಾನು.

ನೋಡಿದವಳು ಸೊಸೆ ಶಾರದ. ಅದು ಬಿತ್ತನೆಗೆ ಕಡಲೆಕಾಯಿ ಸುಲಿಯುವ ಕಾಲ. ಯಾರ ಮನೆಯಲ್ಲಿ ಸುಲಿದರೂ ನೆರೆಯ ಹೆಂಗಸರು ಮೊರ ಹಿಡಿದು ಜಗಲಿಗೆ ಬರುತ್ತಾರೆ. ಅದರಲ್ಲೂ ನನ್ನನ್ನೇ ಮೊದಲು ಕರೆಯುತ್ತಾರೆ. ಇದು ನನ್ನ ಕೈಚಳಕಕ್ಕೆ ಸಿಕ್ಕ ಮರ್ಯಾದೆ ಎಂದುಕೊಂಡಿದ್ದೆ. ಶಾರದ ನಕ್ಕುಬಿಟ್ಟಳು. "ಕೈಗಲ್ಲ ಅತ್ತೆ, ಬಾಯ್ಗೆ! ನೀವು ಸುರು ಅಚ್ಕೊಂಡ್ರೆ ಎಲ್ರೂ ಹೂಂ ಅಂತಾರೆ, ಎದುರಾಡ್ತಾರೆ, ಜಗಳಾನೂ ಆಡ್ತಾರೆ. ಬಾಯಿ ಬಿಡುವಾಗಿದ್ರೆ ತಾನೆ ಬೀಜ ತಿನ್ನಾದು? ಬಿತ್ತನೆ ಬೀಜ ಉಳೀಲಿ ಅಂತ್ಲೇ ನಿಮ್ಮುನ್ನ ಕರೆಯಾದು."

ಬೇರೆಯವರಾಗಿದ್ದರೆ ನೊಂದುಕೊಳ್ಳುತ್ತಿದ್ದರು. ನನಗೋ ಕುಣಿಯುವಷ್ಟು ಖುಷಿ. ಇಷ್ಟು ವರ್ಷ ನಾನಾಡಿದ ಮಾತೆಲ್ಲ ಸುತ್ತಲಿನ ಹೊಲಗಳಲ್ಲಿ ಮೊಳಕೆಯೊಡೆದಿದೆ ಎಂದಾಯಿತಲ್ಲ! ಲಾವಣ್ಯ ಕೂಡಲೇ ಬರೆದುಕೊಂಡಳು: 'ಸುಲಿಯುವವರಿಗಾಗಿ, ಬಿತ್ತನೆ ಬೀಜ ಬಾಯಿಗೆ ಹೋಗದಿರಲೆಂದು.' ಹಾಗಾದರೆ ಸುಲಿಯುವವರಿಗೇ ಒಮ್ಮೆ ಕೇಳಿಸಿ ನೋಡು ಎಂದರಂತೆ ಮೇಡಂ.

ಭಾನುವಾರ ನಮ್ಮ ಜಗಲಿಯಲ್ಲಿ ಬೋರಲು ಹಾಕಿದ ಬಿಂದಿಗೆಯ ಮೇಲೆ ಫೋನು ಕೂತಿತು. ಬಾಯಿ ತೆರೆಯಬಾರದೆಂದು ನನಗೆ ಮೊಮ್ಮಗಳ ಅಪ್ಪಣೆ. ನನ್ನ ತಮ್ಮ ಶಿರಾ ಸಂತೆಯಲ್ಲಿ ಮೇಕೆ ಕೊಂಡು, ಅದನ್ನು ಬಸ್ಸಿಗೆ ಹತ್ತಿಸಿ, ಬೀಡಿ ಹಚ್ಚಲು ಹೋಗಿ ತಾನು ಕೆಳಗೇ ಉಳಿದ ಕಥೆ ಫೋನಿನೊಳಗಿಂದ ನನ್ನ ದನಿಯಲ್ಲೇ ಶುರುವಾಯಿತು. ಪಾವಗಡದ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದ ಪಕ್ಕದ ಮನೆ ನರಸಮ್ಮ, "ಅಬ್ಬಾ, ಏಮಿ ಗೊಂತಕ್ಕಾ ನಿಂದು!" ಎಂದು ತನ್ನ ತೆಲುಗು ಬೆರೆಸಿ ನನ್ನ ದನಿಯನ್ನು ಹೊಗಳಿದಳು. "ಸುಮ್ಕಿರಮ್ಮಿ, ಕೇಳಾನ" ಎಂದು ಮತ್ತೊಬ್ಬಳು ಗದರಿದಳು. ಆಮೇಲೆ ಪಿಟ್ಟೆಂಬ ಮಾತಿಲ್ಲ. ಸಿಪ್ಪೆ ಒಡೆಯುವ ಸದ್ದು, ನನ್ನ ದನಿ, ಅಷ್ಟೇ. ಇಂಥ ಮರ್ಯಾದೆ ನನಗೆ ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಕಥೆ ಮುಗಿದಾಗ ಶಾರದ ಮೊರಗಳನ್ನು ನೋಡಿ ನಿಂತುಬಿಟ್ಟಳು. "ಸಿಪ್ಪೆ ನೋಡುದ್ರೆ ಗುಡ್ಡ ಆಗೈತೆ, ಬೀಜ ಎಲ್ಲೋದ್ವು?"

"ಫೋನಿಗೆ ಏನಂತ ಎದುರಾಡಾನ ಶಾರದಮ್ಮ?" ಎಂದಳು ನರಸಮ್ಮ. "ಬಾಯಿ ಖಾಲಿ ಇತ್ತು. ಕಥೆನೂ ಚೆಂದಾಗಿತ್ತು. ಕೈ ತಾನೇ ಓಯ್ತು."

ಲಾವಣ್ಯಳಿಗೆ ಅಳುವೇ ಬಂತು. "ನನ್ ಉದ್ದೇಶನೇ ತಿಂದಾಕ್ಬುಟ್ರಲ್ಲ ಎಲ್ರೂ!"

"ಅಳ್ಬ್ಯಾಡ ಬುಡಮ್ಮಿ" ಎಂದಳು ನರಸಮ್ಮ. "ಮೇಕೆ ಬಸ್ ಅತ್ತುತ್ಲೂ ನಿಮ್ಮಜ್ಜಿ ಬಾಯಿ ಮುಚ್ಸು. ಟಿಕೆಟ್ಟು ಯಾರು ತಗಂಡ್ರು, ಮೇಕೆ ಎಲ್ಲಿಳೀತು ಅಂತ ನಾವು ಮಾತಾಡ್ಕಂತೀವಿ."

ಲಾವಣ್ಯ ಹಾಗೆಯೇ ಮಾಡಿದಳು. ಈಗ ನನ್ನ ದನಿ ಒಂದಿಷ್ಟು ಹೇಳಿ, ಒಂದು ಪ್ರಶ್ನೆ ಕೇಳಿ, ಸುಮ್ಮನಾಗುತ್ತದೆ. ನಡುವೆ ಬಿಟ್ಟ ಜಾಗದಲ್ಲಿ ಕೇಳುವವರು ಕಿತ್ತಾಡುತ್ತಾರೆ. ನನ್ನ ಪಾಡ್‌ಕಾಸ್ಟಿನಲ್ಲಿ ಉಪಯೋಗಕ್ಕೆ ಬರುವ ಭಾಗವೆಂದರೆ ನಾನು ಸುಮ್ಮನಿರುವುದು. ನಮ್ಮ ಯಜಮಾನರು ಇದ್ದಿದ್ದರೆ ಇದನ್ನು ಎಂದೋ ಹೇಳುತ್ತಿದ್ದರು.

ಮುಂದಿನ ಭಾನುವಾರ ಮತ್ತೆ ಪರೀಕ್ಷೆ. ಮೇಕೆಯ ಟಿಕೆಟ್ಟಿನ ಮೇಲೆ ಜಗಲಿ ಹಾರಿಹೋಗುವಷ್ಟು ಜಗಳವಾಯಿತು. ಕಿತ್ತಾಡಿದವರೆಲ್ಲರ ಮೊರದಲ್ಲೂ ಬೀಜ ತುಂಬಿತು. ಮೇಡಂ ಒಪ್ಪಿದರು, ಕಾಲೇಜಿನಲ್ಲಿ ಕೇಳಿಸುತ್ತಾರಂತೆ. ನನ್ನ ದನಿಯ ಮೇಲೆ ಇಷ್ಟು ಜನ ಕಿತ್ತಾಡುವುದನ್ನು ಕಣ್ತುಂಬ ನೋಡುತ್ತಾ, ಹಿಗ್ಗಿ ಹೀರೇಕಾಯಿಯಾಗಿ, ನಾನೊಬ್ಬಳೇ ಸುಮ್ಮನೆ ಕೂತಿದ್ದೆ. ನನ್ನ ಪ್ರಶ್ನೆಗೆ ನಾನೇ ಎದುರಾಡುವುದು ಹೇಗೆ?

ಶಾರದ ಕೊನೆಗೆ ನನ್ನ ಮೊರದ ಮುಂದೆ ಬಂದು ನಿಂತಳು. "ಅತ್ತೆ, ನಿಮ್ಮ ಬೀಜ ಎಲ್ಲಿ?"

ನನ್ನ ಜನ್ಮದಲ್ಲಿ ಮೊದಲ ಸಲ ನನಗೆ ಉತ್ತರ ಕೊಡಲಾಗಲಿಲ್ಲ. ಬಾಯಿ ತುಂಬಿತ್ತು.