ಅತ್ತೆಯ ಕಾರ್ಡು, ಮಾವನ ಹೆಸರು

ಎಲ್ಲರ ಮನೆಗೂ ಅಂಚೆಯಲ್ಲಿ ಏನಾದರೊಂದು ಬರುತ್ತದೆ. ಒಡೆದು ನೋಡುತ್ತಾರೆ, ಮರೆತುಬಿಡುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಯಾವುದೂ ಅಷ್ಟು ಸಲೀಸಾಗಿ ಮುಗಿಯುವುದಿಲ್ಲ. ಸೇಡಂನ ನಮ್ಮ ಓಣಿಯಲ್ಲಿ ಪೋಸ್ಟಮನ್ ಸೈಕಲ್ ಗಂಟೆ ಬಾರಿಸಿದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಒಂದು ಕ್ರೆಡಿಟ್ ಕಾರ್ಡು ಚಾಲೂ ಮಾಡಲು ನಾವು ಪಟ್ಟ ಪಾಡಿನಲ್ಲಿ ಬೇರೆಯವರು ಒಂದು ಮದುವೆ ಮಾಡಿ ಮುಗಿಸುತ್ತಿದ್ದರು.

ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮಕ್ಕಳು ಹೇಳುತ್ತಾರಂತೆ, ಸುಳ್ಳಲ್ಲ. ನನ್ನ ಗಂಡ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾರೆ. ಜೊತೆಗೆ ಅತ್ತೆ, ಮಾವ. ಮಾವನ ಎದೆಯ ನಾಳವೊಂದು ಕಟ್ಟಿಕೊಂಡಿದೆ, ಇವತ್ತಲ್ಲ ನಾಳೆ ಸ್ಟೆಂಟ್ ಹಾಕಬೇಕು, ಯಾವ ಗಳಿಗೆಯಲ್ಲಾದರೂ ಓಡಿ ಬರಲು ತಯಾರಿರಿ ಎಂದು ಕಲಬುರಗಿಯ ಡಾಕ್ಟರು ಹೇಳಿಬಿಟ್ಟಿದ್ದರು. ಆಸ್ಪತ್ರೆಯವರು ಮುಂಗಡ ಕೇಳಿದಾಗ ಪರದಾಡುವುದು ಬೇಡವೆಂದು ನನ್ನ ಗಂಡ ಹಟ ಹಿಡಿದು ಮಾವನ ಹೆಸರಿಗೆ ಒಂದು ಕಾರ್ಡು, ಅದೇ ಖಾತೆಯ ಮೇಲೆ ಜೋಡಿಯಾಗಿ ಅತ್ತೆಯ ಹೆಸರಿಗೂ ಒಂದು ಕಾರ್ಡು ಮಾಡಿಸಿದರು. ಎರಡೂ ಅಂಚೆಯಲ್ಲಿ ಬಂದವು. ಅಲ್ಲಿಂದ ನಮ್ಮ ಗ್ರಹಚಾರ ಶುರುವಾಯಿತು.

೧. ಪೂಜೆ

ಕಾರ್ಡು ಬಂದ ದಿನ ಅಮಾವಾಸ್ಯೆ. ಲಕೋಟೆ ಒಡೆಯಲು ಅತ್ತೆ ಬಿಡಲಿಲ್ಲ. ಮರುದಿನ ನಾನು ಶಾಲೆಯಿಂದ ಬಂದು ನೋಡುತ್ತೇನೆ, ಎರಡೂ ಕಾರ್ಡು ದೇವರ ಮುಂದೆ ತಟ್ಟೆಯಲ್ಲಿ ಕೂತಿವೆ. ಅತ್ತೆ ಅರಿಶಿಣದಲ್ಲಿ ಬೆರಳು ಅದ್ದಿದ್ದಾರೆ.

“ಅತ್ಯಾ, ಆ ಬಂಗಾರದ ಚೌಕದ ಮ್ಯಾಲೆ ಹಚ್ಚಬ್ಯಾಡ್ರಿ! ಅದು ಚಿಪ್, ಕೆಟ್ಟು ಹೋಗ್ತದ!” ಎಂದು ನಾನು ಚಪ್ಪಲಿ ಕಾಲಲ್ಲೇ ಒಳಗೆ ಓಡಿದೆ.

“ಹೊಸಾ ಸಾಮಾನು ಪೂಜಿ ಮಾಡದ ಮುಟ್ಟಬಾರದು. ಮಿಕ್ಸರಿಗೆ ಮಾಡೇವಿ, ನಿನ್ನ ಸ್ಕೂಟಿಗೆ ಮಾಡೇವಿ. ಇದು ಏನು ಪಾಪ ಮಾಡೇದ? ಮೊದಲ ನೀ ಚಪ್ಪಲಿ ಬಿಟ್ಟು ಬಾ.”

ಪೂಜೆ ಆಯಿತು, ಈಗಲಾದರೂ ಚಾಲೂ ಮಾಡೋಣ ಎಂದೆ. ಅದಕ್ಕೆ ಫೋನು ಹಚ್ಚಿ ಅಪರಿಚಿತರ ಜೊತೆ ಮಾತಾಡಬೇಕು ಎಂದು ತಿಳಿದೊಡನೆ ಅತ್ತೆ ತಮ್ಮ ಕಾರ್ಡನ್ನು ಎತ್ತಿ ವೆಂಕಟರಮಣನ ಪಟದ ಹಿಂದೆ ಇಟ್ಟರು. ಮೊದಲಿನಿಂದಲೂ ಅವರದು ಸಂಕೋಚದ ಸ್ವಭಾವ. ನಮ್ಮ ಕಡೆ ಲಗ್ನದಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಒಡಪು ಹೇಳುವುದು ರೂಢಿ. ತಮ್ಮ ಲಗ್ನದಲ್ಲಿ ಒಡಪು ಹೇಳು ಎಂದಾಗ ಅತ್ತೆ ಒಳಗೆ ಓಡಿಹೋಗಿ ಕದ ಹಾಕಿಕೊಂಡಿದ್ದರಂತೆ. ಅಂದಿನಿಂದ ಇಂದಿನವರೆಗೆ ಅವರ ಬಾಯಲ್ಲಿ ಮಾವನ ಹೆಸರು ಬಂದಿಲ್ಲ. ಮಾವ ಆ ಮಾತನ್ನು ಹಬ್ಬಕ್ಕೊಮ್ಮೆ ಎತ್ತಿ ಬೇಜಾರು ಮಾಡಿಕೊಳ್ಳುತ್ತಾರೆ.

“ನಂದು ಇಲ್ಲೇ ಇರ್ಲಿ. ದೇವರು ಕಾಯ್ತಾನ,” ಅಂದರು ಅತ್ತೆ.

“ದೇವರಿಗೇನು ಪಿನ್ ನಂಬರು ಗೊತ್ತದ?” ಎಂದು ಮಾವ ಛೇಡಿಸಿದರು.

“ಅವನಿಗ್ಯಾಕ ಪಿನ್ ಬೇಕು? ಅವನ ಹುಂಡಿಗೆ ಎಲ್ಲಾರೂ ನಗದೇ ಹಾಕ್ತಾರ,” ಅಂದರು ಅತ್ತೆ.

೨. ಬ್ಯಾಂಕಿನಿಂದ ಫೋನು

ಯಾರಿಗೂ ಒಟಿಪಿ ಹೇಳಬೇಡಿ, ಬ್ಯಾಂಕಿನವರೆಂದು ಫೋನು ಬಂದರೆ ನಂಬಬೇಡಿ ಎಂದು ನಾನು ಮಾವನ ತಲೆಗೆ ತುಂಬಿದ್ದೆ. ವಿದ್ಯಾರ್ಥಿ ಅಂದರೆ ಹೀಗಿರಬೇಕು, ಒಂದಕ್ಷರ ಮರೆತಿರಲಿಲ್ಲ.

ಒಂದು ಮುಂಜಾನೆ ನಾನು ಅಂಗಳದಲ್ಲಿ ಅರಿವೆ ಒಣಹಾಕುತ್ತಿದ್ದಾಗ ಫೋನು ಬಂತು. ಮಾವ ಸ್ಪೀಕರ್ ಹಾಕಿದರು.

“ನಮಸ್ಕಾರ ಸರ್, ನಿಮ್ಮ ಕಾರ್ಡ್ ಇನ್ನೂ ಚಾಲನೆ ಆಗಿಲ್ಲ. ಅವಧಿ ಮುಗಿದರೆ ರದ್ದಾಗುತ್ತೆ. ಈಗಲೇ ಮಾಡಿಕೊಡಲಾ?” ಎಂದು ಬೆಂಗಳೂರಿನ ಕಡೆಯ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ ಕೇಳಿದಳು.

ಅದು ನಿಜವಾಗಿ ಬ್ಯಾಂಕಿನದೇ ಫೋನು. ಹಿಂದಿನ ದಿನ ನಾನೇ ಶಾಖೆಗೆ ಹೋಗಿ, ನಮ್ಮ ಮನೆಗೆ ಒಂದು ಫೋನು ಮಾಡಿಸಿ ಎಂದು ಕೈಮುಗಿದು ಬಂದಿದ್ದೆ. ಹಾಗೆಂದು ಮಾವನಿಗೆ ಕೈಸನ್ನೆ ಮಾಡಿದೆ. ಅವರು ನನಗೇ ಸುಮ್ಮನಿರು ಎಂದು ಸನ್ನೆ ಮಾಡಿದರು.

“ಯಾವ ಊರಾಕಿ ನೀನು? ನಿಮ್ಮ ಅಪ್ಪಾಜಿಗೆ ಗೊತ್ತದೇನು ನೀ ಮಾಡೋ ಧಂದಾ?”

“ಸರ್, ನಾನು ಬ್ಯಾಂಕಿನಿಂದಲೇ ಮಾತಾಡ್ತಿರೋದು. ನಿಮಗೊಂದು ಒಟಿಪಿ ಬಂದಿರುತ್ತೆ, ಅದನ್ನು ನೀವೇ ಫೋನಿನಲ್ಲಿ ಒತ್ತಬೇಕು...”

“ಮಾವಾ, ಅಕಿ ಖರೇ ಬ್ಯಾಂಕಿನಾಕಿ ಇದ್ದಾಳ್ರಿ! ಇಡಬ್ಯಾಡ್ರಿ!” ಎಂದು ನಾನು ಒದ್ದೆ ಸೀರೆ ಹಿಡಿದೇ ಓಡಿದೆ. ಈ ಕಾರ್ಡು ರದ್ದಾದರೆ ನಾಳೆ ಎದೆ ಹಿಡಿದುಕೊಂಡಾಗ ಯಾರ ಬಾಗಿಲಿಗೆ ಹೋಗಬೇಕು ಎಂಬ ಚಿಂತೆ ನನಗೆ. ಮಾವ ಫೋನು ಎತ್ತಿಕೊಂಡು ನನಗೆ ಬೆನ್ನು ತಿರುಗಿಸಿದರು.

“ನೀ ಖರೇ ಬ್ಯಾಂಕಿನಾಕಿ ಇದ್ರ, ಮೊದಲ ನಿನ್ನ ಒಟಿಪಿ ಹೇಳು. ಆಮ್ಯಾಲೆ ನೋಡೋಣು!”

೩. ಮಾವನ ಮುತುವರ್ಜಿ

ಕೊನೆಗೆ ಶಾಖೆಯವರೇ ಉಪಾಯ ಹೇಳಿದರು: ಮಾವ ತಮ್ಮ ಕಾರ್ಡನ್ನು ಎಟಿಎಮ್ಮಿಗೆ ಹಾಕಿ ಪಿನ್ ಮಾಡಿಕೊಂಡರೆ ಸಾಕು, ಚಾಲೂ ಆಗುತ್ತದೆ. ಫೋನಿಲ್ಲ, ಮಾತಿಲ್ಲ. ನಾನು ಸ್ಕೂಟಿಯ ಹಿಂದೆ ಮಾವನನ್ನು ಕೂರಿಸಿಕೊಂಡು ಹೊರಟೆ.

ಕಾರ್ಡು ಮಷಿನ್ನಿನೊಳಗೆ ಹೋಗಲಿಲ್ಲ. ಮಾವ ತಿರುಗಿಸಿ ಹಾಕಿದರು, ಹೋಗಲಿಲ್ಲ. ಧೋತರದ ಸೆರಗಿನಿಂದ ಒರೆಸಿ ಹಾಕಿದರು. ಹಿಂದೆ ಜನರ ಸಾಲು ಬೆಳೆಯಿತು. “ಜರಾ ಕೊಬ್ಬರಿ ಎಣ್ಣಿ ಹಚ್ರಿ ಕಾಕಾ,” ಎಂದು ಯಾರೋ ಸಲಹೆ ಕೊಟ್ಟರು. ನಾನು ಕಾರ್ಡು ಕಸಿದುಕೊಂಡು ನೋಡಿದೆ. ರೊಟ್ಟಿಯಷ್ಟು ದಪ್ಪವಾಗಿತ್ತು. ಸುತ್ತಲೂ ನಾಜೂಕಾಗಿ ಕತ್ತರಿಸಿದ ಪ್ಲಾಸ್ಟಿಕ್ ಅಂಚು.

ನಮ್ಮ ಮಾವನಿಗೆ ಲ್ಯಾಮಿನೇಶನ್ ಹುಚ್ಚು ಎಂಬುದನ್ನು ಇಲ್ಲಿ ಹೇಳಲೇಬೇಕು. ಸರಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಗೆದ್ದಲು ತಿಂದ ಕಡತ ನೋಡಿ ನೋಡಿ ಹೆದರಿದವರು. ಆಧಾರ್, ರೇಷನ್ ಕಾರ್ಡು, ನನ್ನ ಮದುವೆಯ ಲಗ್ನಪತ್ರಿಕೆ, ಎಲ್ಲಕ್ಕೂ ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿದ್ದಾರೆ.

“ಮಾವಾ, ಇದಕ್ಕೂ ಮಾಡ್ಸೀರೇನ್ರಿ?”

“ಮತ್ತ? ಮಳಿಗಾಲ ಬಂತಂದ್ರ ತೊಯ್ದು ಹೋಗೂದಿಲ್ಲೇನು?”

ನನ್ನ ತಲೆ ಕೆಟ್ಟುಹೋಯಿತು. ಬಿಡಿಸಿಕೊಂಡು ಬರುತ್ತೇನೆಂದು ಮಾವ ಇಸ್ತ್ರಿ ಅಂಗಡಿಗೆ ಹೋದರು. ಬಿಸಿ ಇಸ್ತ್ರಿ ಇಟ್ಟು ಎಳೆದದ್ದಕ್ಕೆ ಪ್ಲಾಸ್ಟಿಕ್ ಅಲುಗಲಿಲ್ಲ, ಕಾರ್ಡೇ ಮುದುಡಿ ಚಿಪ್ ಕಿತ್ತು ಬಂತು. ಇನ್ನೊಂದು ಕಾರ್ಡಿಗೆ ಬರೆದುಕೊಟ್ಟೆವು. ಅದು ಬರುವವರೆಗೆ ಮಾವನ ಎದೆ ಸುಮ್ಮನಿರಬೇಕಲ್ಲ ಎಂದು ನಾನು ದಿನವೂ ಪೋಸ್ಟಮನ್ನನ ದಾರಿ ನೋಡುತ್ತಿದ್ದೆ. ಮಾವ ಮುದುಡಿದ ತುಂಡನ್ನು ಬೆಳಕಿಗೆ ಹಿಡಿದು ಮೆಚ್ಚುಗೆಯಿಂದ ನೋಡಿದರು.

“ಕಾರ್ಡು ಹೋದ್ರ ಹೋತು. ಆದ್ರ ಲ್ಯಾಮಿನೇಶನ್ ಮಾತ್ರ ಪಕ್ಕಾ ಮಾಡ್ಯಾನ ನೋಡು!”

೪. ಆಸ್ಪತ್ರೆಯ ಕಟ್ಟೆಯ ಮೇಲೆ

ಹೊಸ ಕಾರ್ಡು ಬರುವ ಮೊದಲೇ ಒಂದು ರವಿವಾರ ಪೇಪರು ಓದುತ್ತಿದ್ದ ಮಾವ ಎದೆ ಹಿಡಿದುಕೊಂಡು ಕೂತುಬಿಟ್ಟರು. ಬಾಜೂ ಮನೆಯವರ ಕಾರಿನಲ್ಲಿ ಕಲಬುರಗಿಗೆ ಓಡಿದೆವು. ದಾರಿಯುದ್ದಕ್ಕೂ ಅತ್ತೆ ಮಾವನ ಕೈ ಬಿಡಲಿಲ್ಲ. ಡಾಕ್ಟರು ನೋಡಿದವರೇ ಒಳಗೆ ತೆಗೆದುಕೊಂಡು ಹೋದರು. “ಮುಂಗಡ ಕಟ್ಟಿಬಿಡ್ರಿ, ಸ್ಟೆಂಟ್ ತರಿಸ್ತೀವಿ,” ಅಂದರು ಕೌಂಟರಿನವರು.

ನನ್ನ ಫೋನಿನಿಂದ ಹೋಗುವಷ್ಟು ಕಳಿಸಿದೆ. ದಿನದ ಮಿತಿ ಮುಗಿಯಿತು, ಇನ್ನೂ ಅರ್ಧ ಬಾಕಿ. ವಾಡಿಯಿಂದ ಹೊರಟ ನನ್ನ ಗಂಡ ಶಹಾಬಾದಿನ ಹತ್ತಿರ ಕಲ್ಲಿನ ಲಾರಿಗಳ ಸಾಲಿನಲ್ಲಿ ಸಿಕ್ಕಿಬಿದ್ದಿದ್ದರು, ಫೋನು ಹತ್ತುತ್ತಿರಲಿಲ್ಲ. ಆಗ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಸೆರಗಿನ ಗಂಟು ಬಿಚ್ಚಿದರು. ಒಳಗೆ ತುಳಸಿ ಎಸಳು, ಅದರ ಜೊತೆ ಕುಂಕುಮ ಮೆತ್ತಿದ ಅವರ ಕಾರ್ಡು. ಮನೆ ಬಿಡುವಾಗ ದೇವರಿಗೆ ಕೈಮುಗಿದವರು ಪಟದ ಹಿಂದಿನಿಂದ ತೆಗೆದುಕೊಂಡು ಬಂದಿದ್ದರು. ಅವರನ್ನು ಅಪ್ಪಿಕೊಳ್ಳಬೇಕು ಅನಿಸಿತು. ಆದರೆ ಮೊದಲು ಅದು ಚಾಲೂ ಆಗಬೇಕು.

ಕಾರ್ಡಿನ ಹಿಂದಿದ್ದ ನಂಬರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. “ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತದೆ,” ಎಂದು ಮಷಿನ್ನು ಹೇಳಿತು. ಆಮೇಲೆ ಒಬ್ಬಳು ಹುಡುಗಿ ಬಂದಳು. ಹುಟ್ಟಿದ ದಿನ ಕೇಳಿದಳು. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಜೂನ್ ಒಂದನ್ನು ಅತ್ತೆ ಸರಿಯಾಗಿಯೇ ಹೇಳಿದರು.

“ಕೊನೆಯ ಪ್ರಶ್ನೆ ಅಮ್ಮ. ಮುಖ್ಯ ಕಾರ್ಡ್ ಯಾರ ಹೆಸರಲ್ಲಿದೆ?”

ಅತ್ತೆ ನನ್ನ ಮುಖ ನೋಡಿದರು. “ನಮ್ಮ ಮನಿಯವರದು,” ಅಂದರು.

“ಅವರ ಹೆಸರು?”

“ನಮ್ಮ ಸೊಸಿಯ ಮಾವನೋರು.”

“ಶ್ರೀನಿವಾಸರಾವ್!” ಎಂದು ನಾನು ನಡುವೆ ಕೂಗಿದೆ. “ಕ್ಷಮಿಸಿ ಮೇಡಂ, ಕಾರ್ಡ್ ಯಾರದೋ ಅವರೇ ಹೇಳಬೇಕು,” ಅಂದಳು ಹುಡುಗಿ. ಒಳಗಿನಿಂದ ನರ್ಸು ಬಂದು, ಕಟ್ಟಿದ್ರೇನ್ರಿ ಎಂದು ಕೇಳಿಹೋದಳು.

ಅತ್ತೆ ಗಂಟಲು ಸರಿಮಾಡಿಕೊಂಡು ಫೋನಿನ ಹತ್ತಿರ ಬಾಗಿದರು. “ಏಳು ಬೆಟ್ಟದ ಮ್ಯಾಲೆ ಇರ್ತಾನಲ್ಲವಾ, ಅಂವ.”

“ಅಮ್ಮಾ, ನಾನು ಕೇಳಿದ್ದು ಹೆಸರು, ವಿಳಾಸ ಅಲ್ಲ.”

ನನ್ನ ಸಿಟ್ಟು ನೆತ್ತಿಗೇರಿತು. “ಅತ್ಯಾ, ಒಂದ ಹೆಸರು ಹೇಳ್ಲಿಕ್ಕೆ ಏನ್ರಿ ನಿಮಗ? ಅಲ್ಲಿ ಅವರ ಜೀವ ಹೋಗೋ ಹೊತ್ತದ!”

“ಅದಕ್ಕ ಹೆದರ್ಲಿಕತ್ತೀನಿ,” ಅಂದರು ಅತ್ತೆ. “ಗಂಡನ ಹೆಸರು ತಗೊಂಡ್ರ ಅವರ ಆಯುಷ್ಯ ಕಮ್ಮಿ ಆಗ್ತದಂತ ನಮ್ಮವ್ವ ಹೇಳ್ತಿದ್ದಳು. ಇಷ್ಟು ವರ್ಷ ತಗೊಂಡಿಲ್ಲ. ಇವತ್ತೇ ತಗೊಳ್ಳೇನು? ಇವತ್ತೇ?”

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಕಣ್ಣಲ್ಲಿ ನೀರು ಬಂತು. ಯಾವ ವಿಜ್ಞಾನ ಹೇಳಲಿ ನಾನು ಅವರಿಗೆ? ಅದೇ ಕಟ್ಟೆಯ ಮೇಲೆ ಚಿಂಚೋಳಿಯ ಒಬ್ಬ ಹೆಣ್ಣುಮಗಳು ಕೂತಿದ್ದಳು. ಆಕೆಯ ಗಂಡನೂ ಒಳಗೇ ಇದ್ದ. ಎಲ್ಲ ಕೇಳಿಸಿಕೊಂಡಿದ್ದವಳು ಹತ್ತಿರ ಸರಿದಳು.

“ಅಕ್ಕಾರ, ಒಡಪಿನ್ಯಾಗ ಹೇಳ್ರಿ. ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲ.”

ಅತ್ತೆ ಆಕೆಯನ್ನೇ ನೋಡಿದರು. ಆಮೇಲೆ ಎದ್ದು ನಿಂತು ತಲೆಯ ಮೇಲೆ ಸೆರಗು ಹೊದ್ದರು. ನಾನು ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದೆ. ಮದುಮಗಳ ದನಿಯಲ್ಲಿ ಅತ್ತೆ ಹೇಳಿದರು:

“ತೊಗರಿ ಹೊಲದಾಗ ಹಳದಿ ಹೂವಿನ ಸಾಲು,
ಶ್ರೀನಿವಾಸರಾಯರ ಕಾರ್ಡಿನ್ಯಾಗ ನಂದೂ ಪಾಲು.”

ಕಟ್ಟೆಯ ಮೇಲಿನ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಫೋನಿನಿಂದ ಹುಡುಗಿಯ ದನಿ ಕೇಳಿತು, ಮೊದಲಿನ ಗತ್ತು ಅದರಲ್ಲಿರಲಿಲ್ಲ.

“ಅಮ್ಮಾ... ಇನ್ನೊಂದು ಸಲ ಹೇಳ್ತೀರಾ? ನಮ್ಮ ಪಕ್ಕದವರಿಗೂ ಕೇಳಿಸ್ತೀನಿ.”

“ಒಂದು ಸಲ ಹೇಳಿದ್ದೇ ಭಾಳ ಆತು,” ಅಂದರು ಅತ್ತೆ. “ನೀ ಮೊದಲ ಕಾರ್ಡು ಚಾಲೂ ಮಾಡವಾ!”

೫. ರೆಕಾರ್ಡು

ಕಾರ್ಡು ಚಾಲೂ ಆಯಿತು, ಬಾಕಿ ಮುಂಗಡ ಕಟ್ಟಿದೆವು, ಮಾವ ಸ್ಟೆಂಟ್ ಹಾಕಿಸಿಕೊಂಡು ಆರಾಮಾಗಿ ಮನೆಗೆ ಬಂದರು. ಒಡಪಿನ ಸುದ್ದಿ ಅವರ ಕಿವಿಗೆ ಹಾಕಿದವಳು ನಾನೇ. ನಂಬಲಿಲ್ಲ ಅವರು. “ಇಕಿ ಹೇಳಿದಳೇನು? ಇಕಿನಾ?” ಎಂದು ಆರತಿ ಸಮಯದಲ್ಲೂ ಊಟದ ಸಮಯದಲ್ಲೂ ಕೇಳಿದ್ದನ್ನೇ ಕೇಳಿದರು. ಇನ್ನೊಮ್ಮೆ ಹೇಳೆಂದು ಅತ್ತೆಯ ಬೆನ್ನು ಹತ್ತಿದರು.

“ನಾ ಹೇಳೂದಿಲ್ಲ. ಆ ಫೋನಿನವರು ರೆಕಾರ್ಡ್ ಮಾಡ್ತೀವಿ ಅಂದಾರ. ಬೇಕಾದ್ರ ಅವರನ್ನ ಕೇಳ್ರಿ,” ಎಂದು ಅತ್ತೆ ಅಡಿಗೆ ಮನೆ ಸೇರಿಕೊಂಡರು.

ನಾನು ಚೇಷ್ಟೆಯ ಮಾತು ಎಂದುಕೊಂಡೆ. ಮಾವ ಹಾಗೆಂದುಕೊಳ್ಳಲಿಲ್ಲ. ಬ್ಯಾಂಕಿನಿಂದ ಬಂದ ಫೋನಿಗೆ ನಿನ್ನ ಒಟಿಪಿ ಹೇಳು ಎಂದಿದ್ದ ಮನುಷ್ಯ, ಈಗ ತಾವಾಗಿಯೇ ಆ ನಂಬರಿಗೆ ಫೋನು ಹಚ್ಚಿ ಪಡಸಾಲೆಯಲ್ಲಿ ಸ್ಪೀಕರ್ ಹಾಕಿ ಕೂತರು. ಹುಟ್ಟಿದ ದಿನ ಹೇಳಿದರು, ಒಟಿಪಿ ಒತ್ತಿದರು, ಹುಡುಗಿ ಕೇಳಿದ್ದಕ್ಕೆಲ್ಲ ಮರುಮಾತಿಲ್ಲದೆ ಉತ್ತರ ಕೊಟ್ಟರು.

“ನಮ್ಮ ಮನಿಯಾಕಿ ಒಂದು ಒಡಪು ಹೇಳ್ಯಾಳ. ಆ ರೆಕಾರ್ಡ್ ಜರಾ ಕೇಳಸ್ರಿ.”

“ಮೇಲಿನವರನ್ನು ಕೇಳಿ ನೋಡ್ತೀನಿ ಸರ್. ಅದಕ್ಕೆ ಮೊದಲು ಒಂದು ವಿವರ. ಜೋಡಿ ಕಾರ್ಡ್ ಯಾರ ಹೆಸರಲ್ಲಿದೆ?”

ಮಾವ ಅಡಿಗೆ ಮನೆಯ ಕಡೆ ನೋಡಿದರು. ಆಗ ನನಗೆ ಹೊಳೆಯಿತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮಾವ ಅತ್ತೆಯನ್ನು ಕರೆದದ್ದು “ಕೇಳಿದೇನು” ಎಂದೇ. ಅವರ ಬಾಯಲ್ಲೂ ಅತ್ತೆಯ ಹೆಸರು ನಾನು ಕೇಳಿಲ್ಲ.

“ನಮ್ಮ... ನಮ್ಮ ಮನಿಯಾಕೀದು,” ಅಂದರು ಮಾವ.

“ಅವರ ಹೆಸರು ಸರ್?”

ಮಾವನ ಕಿವಿ ಕೆಂಪಗಾದವು. ನನ್ನ ಕಡೆ ನೋಡಿದರು. ಕಾರ್ಡು ಯಾರದೋ ಅವರೇ ಹೇಳಬೇಕು ಎಂದು ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಮಾವ ಫೋನಿಗೆ ಬಾಯಿ ಹಚ್ಚಿ, ಕೈ ಅಡ್ಡ ಹಿಡಿದು ಏನೋ ಗುಣುಗುಟ್ಟಿದರು.

“ಕೇಳಿಸ್ತಾ ಇಲ್ಲ ಸರ್,” ಅಂದಳು ಹುಡುಗಿ.

ಒಳಗಿನಿಂದ ಅತ್ತೆಯ ದನಿ ಬಂತು:

“ಜರಾ ಜೋರಾಗಿ ಹೇಳ್ರಿ. ನನಗೂ ಕೇಳಿಸವಲ್ದು!”