ಚಿಕ್ಕಮ್ಮನ ಮೌನವ್ರತ

ನಮ್ಮ ಚಿಕ್ಕಮ್ಮ ತುಂಬಾ ಮಾತಾಡುತ್ತಾಳೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಾತಾಡುವವರು ಎಲ್ಲೋ ಒಂದು ಕಡೆ ನಿಲ್ಲಿಸುತ್ತಾರಲ್ಲ! ಚಿಕ್ಕಮ್ಮನಿಗೆ ಆ ಅಭ್ಯಾಸವಿಲ್ಲ. ಗುಂಡ್ಲುಪೇಟೆಯಲ್ಲಿ ಅವಳ ಮನೆ ಹೆದ್ದಾರಿಯ ಪಕ್ಕದಲ್ಲೇ ಇದೆ. ಈರುಳ್ಳಿ ಲಾರಿಗಳು ಹಗಲಿಡೀ ಹಾರನ್ ಹೊಡೆಯುತ್ತಾ ಹೋಗುತ್ತವೆ. ಆ ಮನೆಯವರಿಗೆ ಮಾತ್ರ ಲಾರಿ ಹೋದದ್ದೇ ತಿಳಿಯುವುದಿಲ್ಲ.

ಒಮ್ಮೆ ಮನೆ ಮುಂದೆ ಪಂಕ್ಚರ್ ಆಗಿ ನಿಂತ ಕೇರಳದ ಲಾರಿಯ ಡ್ರೈವರ್‌ಗೆ ನೀರು ಕೊಡಲು ಹೋದವಳು, ಟಯರ್ ಬದಲಾಯಿಸುವವರೆಗೂ ಅಲ್ಲೇ ನಿಂತು ಮಾತಾಡಿದಳು. ಒಳಗೆ ಬಂದು, "ಬೋ ಒಳ್ಳೆ ಮನ್ಸ ಕಣಮ್ಮಿ. ನಾನೇಳಿದ್ಕೆಲ್ಲ ತಲೆ ಆಡಿಸ್ದ" ಎಂದಳು.

"ಅವನೇನು ಹೇಳಿದ?" ಎಂದೆ.

"ಅವ್ನಿಗೆ ಕನ್ನಡ ಬರಕಿಲ್ಲ" ಎಂದಳು, ಅದೂ ಒಂದು ಅಡ್ಡಿಯೇ ಎಂಬಂತೆ.

ಕ್ರೆಡಿಟ್ ಕಾರ್ಡ್ ಬೇಕೇ ಎಂದು ಫೋನ್ ಮಾಡಿದ ಹುಡುಗನ ಕಥೆ ಇನ್ನೂ ಕಷ್ಟದ್ದು. ಅವನ ಊರು, ಅವನ ತಾಯಿಯ ಮಂಡಿನೋವು, ತಂಗಿಯ ಮದುವೆ ಎಲ್ಲ ವಿಚಾರಿಸಿದ ಮೇಲೆ, "ಆಂಟಿ, ಮ್ಯಾನೇಜರ್ ಬಯ್ತಾರೆ, ಫೋನ್ ಇಡ್ಲಾ?" ಎಂದು ಅವನೇ ಬೇಡಿಕೊಂಡನಂತೆ.

ಇಂಥವಳ ಮೊಮ್ಮಗ ಮೂರು ತುಂಬಿದರೂ ಒಂದು ಮಾತೂ ಆಡಲಿಲ್ಲ.

ಹುಡುಗ ಚುರುಕು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬೇಕಾದ್ದಕ್ಕೆ ಬೆರಳು ತೋರಿಸುತ್ತಾನೆ. ಅವನ ತಾಯಿ ಬದನಗುಪ್ಪೆಯ ಕಾರ್ಖಾನೆಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ದಿನವಿಡೀ ಅಜ್ಜಿಯೇ ಗತಿ. ಬೆರಳು ಪೂರ್ತಿ ಏಳುವ ಮೊದಲೇ ಅಜ್ಜಿ ಶುರು: "ಏನ್ ಮಗ, ನೀರಾ? ಬಾಳೆಹಣ್ಣಾ? ಬಾಳೆಹಣ್ಣೇ. ಸುಲ್ಕೊಡ್ಲಾ? ಊಂ, ಸುಲ್ಕೊಡು ಅಂತಾವ್ನೆ." ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ಮಗುವಿಗೆ ಉಳಿಯುತ್ತಿದ್ದದ್ದು ಬಾಳೆಹಣ್ಣು ತಿನ್ನುವ ಕೆಲಸ ಮಾತ್ರ.

ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದಾಯಿತು, ಮಾದಪ್ಪನಿಗೆ ಹರಕೆ ಹೊತ್ತದ್ದಾಯಿತು. ಅಂಗನವಾಡಿಗೆ ಸೇರಿಸಿದರು. ಅಲ್ಲಿ ಟೀಚರ್ ಚಿತ್ರ ತೋರಿಸಿ "ಇದೇನು ಮಗಾ?" ಎಂದರೆ ಕಿಟಕಿಯಾಚೆಯಿಂದ "ಬದ್ನೆಕಾಯಿ" ಎಂದು ಉತ್ತರ ಬರುತ್ತಿತ್ತು. ಕೊನೆಗೆ ಟೀಚರ್, "ಒಳಗೇ ಬಂದ್ಬುಡಿ ಅಮ್ಮ. ನಿಮ್ಮನ್ನೂ ಸೇರಿಸ್ಕತೀನಿ, ಮಧ್ಯಾಹ್ನ ಊಟನೂ ಅದೆ" ಎಂದರು.

ಇಷ್ಟು ದಿನ ಎಲ್ಲರೂ ನಗುತ್ತಿದ್ದೆವು. ಉಮ್ಮತ್ತೂರಿನ ನೆಂಟರ ಮದುವೆಯಲ್ಲಿ ಯಾರೋ ಒಬ್ಬಾಕೆ, ಎಲೆಯ ಮುಂದೆ ಕೂತಿದ್ದಾಗ, "ಮಗ ಮೂಗನಾ?" ಎಂದು ಕೇಳಿಬಿಟ್ಟಳು. ಸೊಸೆ ತಲೆ ತಗ್ಗಿಸಿದಳು. ಚಿಕ್ಕಮ್ಮ ಊಟ ಬಿಟ್ಟು ಎದ್ದುಬಂದಳು. ಮರುದಿನ ಚಾಮರಾಜನಗರದಲ್ಲಿರುವ ನನಗೆ ಫೋನ್ ಬಂತು. "ಡಾಕ್ಟ್ರಿಗೆ ತೋರಿಸ್ಬೇಕು ಕಣಮ್ಮಿ. ಸ್ಕೂಲ್ಗೋಗೋ ಒತ್ಗೆ ಆ ಹೆಸ್ರು ಅವ್ನಿಗೆ ಅಂಟ್ಕಬಾರ್ದು." ಇಷ್ಟೇ ಹೇಳಿ ಇಟ್ಟಳು. ಚಿಕ್ಕಮ್ಮ ತಾನಾಗಿ ಫೋನ್ ಇಟ್ಟದ್ದು ಅದೇ ಮೊದಲು. ನನಗೆ ಭಯವಾಯಿತು.

ಇಬ್ಬರನ್ನೂ ಚಾಮರಾಜನಗರದ ಆಸ್ಪತ್ರೆಗೆ ಕರೆಸಿಕೊಂಡೆ. ಡಾಕ್ಟರು ಮಗುವಿನ ಕಿವಿ ಪರೀಕ್ಷೆ ಮಾಡಿಸಿದರು. ಕಿವಿ ಚೆನ್ನಾಗಿತ್ತು. ಆಮೇಲೆ ಗೊಂಬೆಯೊಂದನ್ನು ಎತ್ತಿ, "ಇದೇನು ಪುಟ್ಟಾ?" ಎಂದರು.

"ಆನೆ. ಬಂಡೀಪುರದ ರೋಡಲ್ಲಿ ನೋಡವ್ನೆ" ಎಂದಳು ಚಿಕ್ಕಮ್ಮ.

"ಇದು?"

"ಕೋಳಿ. ನಾವು ತಿನ್ನಕಿಲ್ಲ."

ಡಾಕ್ಟರು ಗೊಂಬೆ ಕೆಳಗಿಟ್ಟರು. "ಮಗು ಜೊತೆ ಮಾತಾಡೋದು ಒಳ್ಳೇದೇ ಅಮ್ಮ. ಆದರೆ ಕೇಳಿದ ಮೇಲೆ ಸ್ವಲ್ಪ ಕಾಯಿರಿ. ಉತ್ತರ ಅವನೇ ಹುಡುಕಲಿ. ವಾರ ವಾರ ಕರ್ಕೊಂಡು ಬನ್ನಿ, ಮಾತಿನ ಅಭ್ಯಾಸ ಮಾಡಿಸೋಣ. ಬಜೆ ಗಿಜೆ ಬೇಡ."

ಅವರನ್ನು ಊರು ಮುಟ್ಟಿಸಲು ನಾನೂ ಜೊತೆಗೆ ಹೊರಟೆ. ಬಸ್ಸಿನಲ್ಲಿ ಮಗು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಚಿಕ್ಕಮ್ಮ ನನ್ನ ಕಡೆ ತಿರುಗಿ, "ಅವ್ನ ಮಾತ್ನೆಲ್ಲ ನಾನೇ ಆಡ್ಬುಟ್ನಾ ಕಣಮ್ಮಿ?" ಎಂದಳು. ಹಾಗೇನಿಲ್ಲ, ಕೆಲವು ಮಕ್ಕಳಿಗೆ ಮಾತು ತಡ, ಡಾಕ್ಟರು ನಿನ್ನ ತಪ್ಪು ಎನ್ನಲಿಲ್ಲ ಎಂದು ಎಷ್ಟು ಹೇಳಿದರೂ ಅವಳ ಮುಖ ತಿಳಿಯಾಗಲಿಲ್ಲ.

'ಸ್ವಲ್ಪ' ಎಂಬ ಪದ ಚಿಕ್ಕಮ್ಮನ ಜಾತಕದಲ್ಲೇ ಇಲ್ಲ. ಡಾಕ್ಟರು ಸ್ವಲ್ಪ ಕಾಯಿರಿ ಎಂದರೆ, ಇವಳು ಮರುದಿನದಿಂದ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಪೂರ್ತಿ ಮೌನಕ್ಕೆ ಕೂತಳು. ಹಾಲಿನವನು ಮೆಲ್ಲಗೆ ಒಳಗೆ ಇಣುಕಿ ಯಾರು ತೀರಿಕೊಂಡರು ಎಂದು ವಿಚಾರಿಸಿದ. ಚಿಕ್ಕಪ್ಪ ಜಗಲಿಯಿಂದ ಎದ್ದು ಬಂದು, "ಈ ಲಾರಿಗಳು ಇಷ್ಟೊಂದ್ ಸದ್ದು ಮಾಡ್ತವಾ?" ಎಂದ.

ನಾನು ಭಾನುವಾರ ಹೋದಾಗಲೂ ವ್ರತ ನಡೆದೇ ಇತ್ತು. ಇದು ಸರಿಯಲ್ಲ, ಮಾತು ಕೇಳದೆ ಮಗು ಮಾತು ಕಲಿಯುವುದು ಹೇಗೆ ಎಂದು ಬೈದೆ. ಅವಳು ಕೈಮುಗಿದು ಸುಮ್ಮನಿರು ಎಂದು ಸನ್ನೆ ಮಾಡಿದಳು. ಕಣ್ಣು ತುಂಬಿತ್ತು. ನಲವತ್ತು ವರ್ಷ ಎಡೆಬಿಡದೆ ಹರಿದ ಬಾಯಿಯನ್ನು ಅವಳು ಹೇಗೆ ಹಿಡಿದಿಟ್ಟಿದ್ದಳೋ, ನೋಡಿ ನನಗೆ ಸಂಕಟವಾಯಿತು.

ಹುಡುಗ ಬಾಳೆಹಣ್ಣು ತಂದು ಅವಳ ಮುಂದೆ ಹಿಡಿದ. ಅವಳು ಅವನನ್ನೇ ನೋಡುತ್ತಾ ಕೂತಳು. ಅವನು ಸ್ವಲ್ಪ ಹೊತ್ತು ನಿಂತ. ಹಣ್ಣನ್ನು ನೆಲಕ್ಕಿಟ್ಟು ಅವಳ ಮಡಿಲು ಹತ್ತಿದ. ಬಾಯಲ್ಲಿದ್ದ ಸೆರಗನ್ನು ಎಳೆದು ಹಾಕಿ, ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡ.

"ಅಜ್ಜೀ... ಮಾತಾಲು."

ಸೊಸೆ ಅಡುಗೆಮನೆಯಿಂದ ಓಡಿಬಂದು, "ಏನಂದ? ಅತ್ತೆ, ಏನಂದ ಅವ್ನು?" ಎಂದು ಕೇಳುತ್ತಲೇ ಇದ್ದಳು. ಚಿಕ್ಕಮ್ಮ ಬಾಯಿ ತೆರೆದಳು, ಒಂದಕ್ಷರವೂ ಹೊರಡಲಿಲ್ಲ.

ಮಗು ಅವಳ ಕೆನ್ನೆ ಬಿಡದೆ, ಅವಳ ಬಾಯನ್ನೇ ನೋಡುತ್ತಾ ಕಾಯುತ್ತಿತ್ತು.