ಭಾವನ ಭುಜದ ಬಗ್ ರಿಪೋರ್ಟ್

ನಮ್ಮ ಭಾವನಿಗೆ ದೂರು ಹೇಳಲು ಬರುವುದಿಲ್ಲ ಎಂದರೆ ಅವರ ಆಫೀಸಿನವರು ಬಿದ್ದು ಬಿದ್ದು ನಕ್ಕಾರು. ಅವರ ಉದ್ಯೋಗವೇ ದೂರು ಹೇಳುವುದು! ಟೋಕಿಯೋದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಮಾಡುತ್ತಾರೆ. ಬೇರೆಯವರ ಪ್ರೋಗ್ರಾಮಿನಲ್ಲಿ ಒಂದು ಬಗ್ ಸಿಕ್ಕರೆ ಸಾಕು, ಎರಡು ಪುಟ ರಿಪೋರ್ಟ್ ಬರೆದು ಎಲ್ಲರ ಪ್ರಾಣ ಹಿಂಡುತ್ತಾರೆ. ಸ್ವಂತದ್ದೆಂದರೆ ಮಾತ್ರ ಬಾಯಿಗೆ ಬೀಗ. ಹೋಟೆಲಿನ ಸಾಂಬಾರಿನಲ್ಲಿ ಕೂದಲು ಸಿಕ್ಕರೆ ಬಟ್ಟಲು ತಿರುಗಿಸಿಕೊಂಡು ಇನ್ನೊಂದು ಕಡೆಯಿಂದ ಉಣ್ಣುತ್ತಾರೆ.

ಇಂಥವರಿಗೆ ಲಸಿಕೆಯ ಸೂಜಿ ತೋಳಿಗೆ ಬೀಳುವ ಬದಲು ಎಡಭುಜದ ಕೀಲಿಗೇ ಬಿತ್ತು. ತಿಂಗಳುಗಟ್ಟಲೆ ಕೈ ಮೇಲೇಳಲಿಲ್ಲ. ಮೂಳೆ ಡಾಕ್ಟರು ನೋಡಿ, ಇದು ಲಸಿಕೆಯಿಂದಲೇ ಆದದ್ದು, ಚಿಕಿತ್ಸೆ ಬಹಳ ದಿನ ನಡೆಯಬೇಕು, ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಿ ಎಂದರು. ಅಕ್ಕನಿಗೆ ಆಗ ಏಳು ತಿಂಗಳು. ಇನ್ನೆರಡು ತಿಂಗಳಲ್ಲಿ ಮಗು ಬರುತ್ತದೆ, ಗಂಡನ ಕೈ ನೋಡಿದರೆ ಹೀಗೆ! ಅರ್ಜಿ ಹಾಕಲೇಬೇಕೆಂದು ಅವಳು ಹಟ ಹಿಡಿದಳು.

ಭಾವ ಮೊದಲು ಮಾಡಿದ್ದೇನು ಗೊತ್ತೆ? ಸೂಜಿ ಚುಚ್ಚಿದ ಡಾಕ್ಟರಿಗೆ ಬೇಜಾರಾಗಬಾರದೆಂದು ಭಾರತೀಯರೇ ತುಂಬಿರುವ ನಿಶಿ ಕಸಾಯಿ ಬಡಾವಣೆಯ ಅಂಗಡಿಯಿಂದ ಮೈಸೂರು ಪಾಕ್ ಒಯ್ದರು! ಡಾಕ್ಟರು ಸೊಂಟದವರೆಗೆ ಬಗ್ಗಿ ಕ್ಷಮೆ ಕೇಳಿದರೆ, ಇವರು ಅವರಿಗಿಂತ ಒಂದು ಗೇಣು ಜಾಸ್ತಿ ಬಗ್ಗಿದರು. ಯಾರು ಯಾರ ಭುಜ ಕೆಡಿಸಿದ್ದೆಂದು ಪಕ್ಕದಲ್ಲಿದ್ದ ನರ್ಸಿಗೇ ಅನುಮಾನ ಬಂದಿರಬೇಕು.

ಅರ್ಜಿ ಕೊಡಲು ಹೋದ ನಗರಪಾಲಿಕೆಯ ವಾರ್ಡ್ ಆಫೀಸಿನ ಕಥೆ ಇನ್ನೂ ಗೋಜಲು. ನಾನೂ ಟೋಕಿಯೋದಲ್ಲೇ ಪಿಎಚ್.ಡಿ. ಮಾಡುತ್ತಿರುವುದರಿಂದ ನನ್ನ ಅರೆಬರೆ ಜಪಾನಿಯೇ ಅವರಿಗೆ ಗತಿ. ಅರ್ಜಿ ಇಲ್ಲಿ ಕೊಡಬೇಕು, ಆದರೆ ತೀರ್ಮಾನ ಮಾಡುವವರು ಇಲ್ಲಿಲ್ಲ. ಕಾಗದ ಇಲ್ಲಿಂದ ಎಲ್ಲಿಗೋ, ಅಲ್ಲಿಂದ ಇನ್ನೆಲ್ಲಿಗೋ ಹೋಗುತ್ತದೆ. ಕೌಂಟರಿನಲ್ಲಿದ್ದ ಸಾತೋ ಸಾನ್ ಎಂಬಾಕೆ ಹೇಳಿದ್ದರಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ, ಅರ್ಥವಾದ ಅರ್ಧವನ್ನು ಭಾವ ನಂಬಲಿಲ್ಲ. ಯಾರದು ತಪ್ಪು ಎಂದು ಹೇಳದೆಯೇ ಪರಿಹಾರ ಕೊಡುತ್ತಾರಂತೆ! ತಪ್ಪೇ ಇಲ್ಲದ ಮೇಲೆ ಕೇಳುವುದು ಹೇಗೆಂದು ಭಾವನಿಗೆ ತಲೆಬಿಸಿ. ಮಾತು ಮಾತಿಗೂ 'ಸುಮಿಮಾಸೆನ್' ಎಂದು ಕ್ಷಮೆ ಕೇಳುತ್ತಿದ್ದರು. ಇವರು ಅರ್ಜಿ ಹಾಕಲು ಬಂದಿದ್ದಾರೋ ವಾಪಸು ಪಡೆಯಲೋ ಎಂದು ಸಾತೋ ಸಾನ್ ನನ್ನನ್ನು ಮೆಲ್ಲಗೆ ಕೇಳಿದರು.

ಕೊನೆಯ ಹಾಳೆಯಲ್ಲಿ ದಿನನಿತ್ಯ ಏನೇನು ತೊಂದರೆ ಎಂದು ಬರೆಯಬೇಕಿತ್ತು. ಭಾವ ಬರೆದರು: 'ವಿಶೇಷವೇನೂ ಇಲ್ಲ. ಎಲ್ಲರೂ ಬಹಳ ಸಹಕರಿಸಿದರು.' ಇದು ಅರ್ಜಿಯೋ, ಸಮಾರಂಭದ ವಂದನಾರ್ಪಣೆಯೋ? ನನಗೆ ರೇಗಿಹೋಯಿತು.

"ಭಾವ, ಅದು ನಿಮ್ಮ ಭುಜ ಅನ್ಕೋಬೇಡಿ. ಯಾರೋ ಟೆಸ್ಟಿಂಗ್‌ಗೆ ಕಳಿಸಿದಾರೆ ಅನ್ಕೊಳ್ಳಿ. ಬಗ್ ರಿಪೋರ್ಟ್ ಬರೀರಿ."

ಅವರು ಬರೆದದ್ದಕ್ಕೆ ಅಡ್ಡಗೆರೆ ಎಳೆದರು.

"ಹಾಗಾದ್ರೆ ಸುಳ್ಳು ಬರೆಯೋಕಾಗಲ್ಲಮ್ಮ," ಎಂದು ಬೆಂಚಿನ ಮೇಲೆ ಕೂತು ಬರೆದೇ ಬರೆದರು. ಜಪಾನಿಗೆ ಅನುವಾದಿಸಲು ನಾನು ಹಾಳೆ ಇಸಿದುಕೊಂಡೆ.

'ಪರೀಕ್ಷೆ: ಐದು ಕೆಜಿ ಅಕ್ಕಿ ಚೀಲದಿಂದ ಎರಡು ಕೆಜಿ ತೆಗೆದು, ಉಳಿದ ಮೂರು ಕೆಜಿಯ ಚೀಲವನ್ನು ಟವೆಲಿನಲ್ಲಿ ಸುತ್ತಿ, ಎಡಗೈಯಲ್ಲಿ ಎದೆಗೆ ಒರಗಿಸಿಕೊಳ್ಳುವುದು. ಬಲಗೈ ಹಾಲಿನ ಬಾಟಲಿಗೆ ಬೇಕು. ಆಗಬೇಕಾದದ್ದು: ಹಾಲು ಮುಗಿಯುವವರೆಗೆ ಹಿಡಿದಿರುವುದು. ಆದದ್ದು: ಒಂದು ನಿಮಿಷದೊಳಗೆ ಜಾರಿತು. ಹತ್ತೊಂಬತ್ತು ದಿನ ಪರೀಕ್ಷಿಸಿದೆ. ಹತ್ತೊಂಬತ್ತು ದಿನವೂ ಜಾರಿತು. ತೀವ್ರತೆ: ಅತಿ ಹೆಚ್ಚು. ಸದ್ಯದ ಉಪಾಯ: ನೆಲದ ಮೇಲೆ ಕೂತು ಎತ್ತಿಕೊಳ್ಳುವುದು. ಬಿದ್ದರೂ ಎತ್ತರದಿಂದ ಬೀಳುವುದಿಲ್ಲ. ಹೆಂಡತಿಗೆ ತಿಳಿಸಿಲ್ಲ.'

ಅಷ್ಟು ದಿನ ಅವರನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಅನುವಾದಿಸುತ್ತ ಕೊನೆಯ ಸಾಲಿಗೆ ಬಂದವಳು ಮತ್ತೆ ಮೊದಲಿನಿಂದ ಓದಿದೆ. ಸಾತೋ ಸಾನ್ ಕಾದರು, ಅವಸರ ಮಾಡಲಿಲ್ಲ.

ಮಂಜೂರಾತಿ ಪತ್ರ ಬರಲು ವರ್ಷದ ಮೇಲಾಯಿತು. ಅಲ್ಲಿಯವರೆಗೂ ಭಾವ ಮಗಳನ್ನು ನೆಲದ ಮೇಲೆ ಕೂತೇ ಎತ್ತಿಕೊಂಡರು. ಅಕ್ಕ ಯಾಕೆಂದು ಒಮ್ಮೆಯೂ ಕೇಳಲಿಲ್ಲ. ಅವರು ಕೂತಾಗಲೆಲ್ಲ ತಾನೂ ಎಡಪಕ್ಕದಲ್ಲಿ ಬಂದು ಕೂರುತ್ತಿದ್ದಳು, ಅವರ ಕೈಯ ಕೆಳಗೆ ತನ್ನ ಕೈ ಇಟ್ಟುಕೊಂಡು.